ಉಗ್ರಾಣದ ಸ್ಥಳಾಂತರ

ಮನೆ ಬದಲಾಯಿಸುವ ಕಷ್ಟವನ್ನು ಅನುಭವಿಸಿದವರಿಗೆ ಅದನ್ನು ಕುರಿತು ಹೇಳಬೇಕಾದುದಿಲ್ಲ. ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಮೂವತ್ತೊಂದು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ಒಂಬತ್ತು ಬಾಡಿಗೆಮನೆಗಳನ್ನು ಹೊಕ್ಕು ಒಂಬತ್ತನ್ನೂ ಬಿಟ್ಟವನು. ಪ್ರತಿ ಸಲವೂ ಏನಾದರೊಂದು ಹಿಂದೆ ಉಳಿಯುತ್ತಿದ್ದಿತು. ಒಂದೂರಿನಲ್ಲಿ ಒರಳು ಬಂದಿತು, ಗುಂಡು ಬರಲಿಲ್ಲ. ಇನ್ನೊಂದೂರಿನಲ್ಲಿ ತೊಟ್ಟಿಲು ಬಂದಿತು, ಅದರ ಸರಪಣಿ ಹಿಂದಿನ ಮನೆಯ ತೊಲೆಯಲ್ಲಿಯೇ ತೂಗುತ್ತಿದ್ದಿತು. ಪುಸ್ತಕಗಳ ವಿಷಯವನ್ನಂತೂ ನೆನೆಯಲಾರೆನು. ನಿವೃತ್ತನಾಗಿ, ಸ್ವಂತವೆಂದು ಹೇಳಿಕೊಳ್ಳಬಹುದಾದ ನಾಲ್ಕು ಗೋಡೆಗಳ ನಡುವೆ ಕುಳಿತ ದಿನ, ಇನ್ನು ಈ ಜನ್ಮದಲ್ಲಿ ಸಾಮಾನು ಸಾಗಿಸುವ ಕೆಲಸ ಮುಗಿಯಿತೆಂದು ಸಮಾಧಾನಪಟ್ಟುಕೊಂಡಿದ್ದೆನು. ಆದರೆ ಕಳೆದ ವರ್ಷ, ಕುಳಿತ ಕುರ್ಚಿಯಿಂದ ಏಳದೆಯೇ, ಹತ್ತನೆಯ ಸಲ ಸಾಮಾನು ಸಾಗಿಸಬೇಕಾಗಿ ಬಂದಿತು. ಆ ಸಲ ಕಳೆಯಲಿದ್ದುದು ಒರಳಿನ ಗುಂಡಲ್ಲ.

ಮೊದಲು ಸಾಮಾನು ಏನೆಂಬುದನ್ನು ಹೇಳಬೇಕು. ನಮ್ಮ ತಾಯಿಯವರಿಗೆ ಹಾಡುಗಳು ಬಹಳ ಬರುತ್ತಿದ್ದುವು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು, ಬೀಸುವಾಗ ಹೇಳುವ ಪದ, ಬೀಗರನ್ನು ಹಾಸ್ಯಮಾಡುವ ಪದ—ಹೀಗೆ ಇನ್ನೂರಕ್ಕೆ ಮೇಲೆ. ಅವರು ಇದ್ದಾಗಲೇ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದೆವು. 2009ರಲ್ಲಿ ಅವರು ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಮೂರು ಕಡೆ ಪ್ರತಿಗಳನ್ನು ಮಾಡಿ ಇಟ್ಟೆನು. ಧ್ವನಿಯ ವಿಷಯದಲ್ಲಿ ಭಯವಿರಲಿಲ್ಲ. ಆದರೆ ಹಾಡೊಂದೇ ಸಾಲದಷ್ಟೆ? ಯಾವ ಹಾಡನ್ನು ಅಮ್ಮ ಯಾರಿಂದ ಕಲಿತರು, ಯಾವುದು ತವರಿನದು, ಯಾವುದು ಅತ್ತೆಮನೆಯದು, ಯಾವ ನುಡಿಯನ್ನು ವಿಧವೆಯರಿರುವ ಮನೆಯಲ್ಲಿ ಬಿಟ್ಟು ಹಾಡುತ್ತಿದ್ದರು, ಈಗ ಯಾರಿಗೂ ತಿಳಿಯದ ಆ ಪಾತ್ರೆಯ ಹೆಸರೇನು, ಆ ಸೀರೆಯ ಬಗೆ ಯಾವುದು—ಇವನ್ನೆಲ್ಲ ಬಲ್ಲವರು ಪ್ರಪಂಚದಲ್ಲಿ ಒಬ್ಬರೇ ಉಳಿದಿದ್ದಾರೆ. ಅವರು ನನ್ನ ಅಕ್ಕ. ಅಕ್ಕನಿಗೆ ಈಗ ಎಪ್ಪತ್ತಾರು ವರ್ಷ. ಎರಡು ಬೀದಿಗಳಾಚೆ ಮನೆ.

ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವವನು. ಅವನು ಒಂದು ಯುಗಾದಿಗೆ ಬಂದವನು, ನನ್ನ ಕೊಠಡಿಯ ಕಂಪ್ಯೂಟರಿನಲ್ಲಿ ‘ಮೀಡಿಯಾವಿಕಿ’ ಎಂಬುದನ್ನು ಸ್ಥಾಪಿಸಿಕೊಟ್ಟನು. ವಿಶ್ವಕೋಶವಾದ ವಿಕಿಪೀಡಿಯವು ನಡೆಯುವುದು ಈ ತಂತ್ರಾಂಶದ ಮೇಲೆಯೇ. ಹಾಡಿಗೊಂದು ಪುಟ, ಪುಟದಲ್ಲಿ ಹಾಡಿನ ಪಾಠ, ಅದರ ಕೆಳಗೆ ಅಕ್ಕನ ಟಿಪ್ಪಣಿ. ಅಕ್ಕ ಬೆಳಿಗ್ಗೆ ಹತ್ತು ಗಂಟೆಗೆ ಬಂದು, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಒಂದೊಂದೇ ಅಕ್ಷರವನ್ನು ಒತ್ತಿ ಬರೆಯುತ್ತಿದ್ದರು. ಎಂಟು ತಿಂಗಳಲ್ಲಿ ಇನ್ನೂರಹದಿಮೂರು ಪುಟಗಳಾದುವು. ಆ ಎಂಟು ತಿಂಗಳಲ್ಲಿಯೇ ನಾನು ಇನ್ನೊಂದನ್ನೂ ಗಮನಿಸಿದೆನು: ಅಕ್ಕನಿಗೆ ಮರೆವು ಸುರುವಾಗಿದ್ದಿತು. ಹಾಲು ತರಲು ಬಂದು ಮೊಸರು ಕೇಳುವ ಮರೆವಲ್ಲ. ಯುಗಾದಿಯಲ್ಲಿ ಸಲೀಸಾಗಿ ಹೇಳಿದ ಚಿಕ್ಕಮ್ಮನ ಊರನ್ನು ದೀಪಾವಳಿಯ ವೇಳೆಗೆ ಹುಡುಕಿ ಹುಡುಕಿ ಬಿಟ್ಟುಬಿಡುವ ಮರೆವು. ಅದನ್ನು ನಾನೂ ಆಡಲಿಲ್ಲ, ಅವರೂ ಆಡಲಿಲ್ಲ. ಟಿಪ್ಪಣಿಗಳು ಮಾತ್ರ ದಿನದಿನಕ್ಕೆ ಬೇಗಬೇಗನೆ ಬರತೊಡಗಿದುವು.

ಒಂದು ಮಂಗಳವಾರ ಅಕ್ಕ ಕೊಠಡಿಯಿಂದಲೇ ಕೂಗಿದರು: “ಏನೋ ಇದು, ಬರೆದದ್ದನ್ನು ತೆಗೆದುಕೊಳ್ಳುವುದಿಲ್ಲ ಅನ್ನುತ್ತೆ ಕಣೋ!” ನಾನು ಹೋಗಿ ನೋಡಿದೆನು. ಡಿಸ್ಕಿನಲ್ಲಿ ಸ್ಥಳವೇ ಉಳಿದಿರಲಿಲ್ಲ.

ಇಲ್ಲಿ ಕಂಪ್ಯೂಟರಿನ ಒಳಗಿನ ಏರ್ಪಾಟನ್ನು ಸ್ವಲ್ಪ ವಿವರಿಸಬೇಕಾಗಿದೆ, ವಾಚಕರು ಬೇಸರಿಸಬಾರದು. ನನ್ನ ಕಂಪ್ಯೂಟರು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದನ್ನು ಬರೆಯತೊಡಗಿದುದು ಈಗ ಪುರಾಣಪ್ರಸಿದ್ಧವಾದ ಮಾತು. ಅಳಿಯನು ವಿಕಿಯನ್ನು ನೇರವಾಗಿ ಲಿನಕ್ಸಿನ ಮೇಲೆ ಇಡಲಿಲ್ಲ. ‘ಡಾಕರ್’ ಎಂಬ ಯಂತ್ರದೊಳಗೆ, ಕಂಟೇನರುಗಳಲ್ಲಿ ಇಟ್ಟನು. ಹಡಗುಕಟ್ಟೆಯ ಕೂಲಿಯಾಳಿಗೆ ಇಂಗ್ಲಿಷಿನಲ್ಲಿ ಡಾಕರ್ ಎಂದು ಹೆಸರು. ಹಿಂದೆ ಹಡಗಿಗೆ ಸರಕು ತುಂಬುವುದೆಂದರೆ ಮೂಟೆ ಬೇರೆ, ಪೀಪಾಯಿ ಬೇರೆ, ಗಂಟು ಬೇರೆ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬಾತನು ಅಮೆರಿಕದ ನ್ಯೂವರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ಕಳುಹಿಸಿದನು. ಒಳಗೆ ಏನೇ ಇರಲಿ, ಹೊರಗಿನ ಆಕಾರ ಒಂದೇ. ಎತ್ತುವ ಕೊಕ್ಕೆ ಒಂದೇ. ತಂತ್ರಾಂಶಕ್ಕೂ ಅಂಥ ಪೆಟ್ಟಿಗೆಯಿರಲೆಂಬ ಆಲೋಚನೆಯನ್ನು ಸೊಲೊಮನ್ ಹೈಕ್ಸ್ ಎಂಬಾತನು 2013ರ ಮಾರ್ಚಿಯಲ್ಲಿ, ಸಾಂಟಾ ಕ್ಲಾರಾ ನಗರದ ಸಮ್ಮೇಳನವೊಂದರಲ್ಲಿ, ಐದು ನಿಮಿಷಗಳ ಭಾಷಣದಲ್ಲಿ ಲೋಕದ ಮುಂದಿಟ್ಟನು. ನಮ್ಮ ಸಭೆಗಳಲ್ಲಿ ವಂದನಾರ್ಪಣೆಗೂ ಸಾಲದ ಕಾಲ!

ಈ ಪೆಟ್ಟಿಗೆಗಳು ಗಾಳಿಯಲ್ಲಿ ನಿಂತಿಲ್ಲ. ಅವುಗಳ ದವಸಧಾನ್ಯವೆಲ್ಲ ಒಂದು ಉಗ್ರಾಣದಲ್ಲಿ ಇರುತ್ತದೆ. ಡಾಕರಿನವರು ಬೇರೆ ಹೇಳದಿದ್ದರೆ ಆ ಉಗ್ರಾಣದ ಸ್ಥಳ /ವಾರ್/ಲಿಬ್/ಡಾಕರ್ ಎಂಬ ಡೈರೆಕ್ಟರಿ. ‘ವಾರ್’ ಎಂದರೆ ಯುದ್ಧವಲ್ಲ. ಬದಲಾಗತಕ್ಕದ್ದು ಎಂಬರ್ಥದ ಇಂಗ್ಲಿಷ್ ಪದದ ತುಂಡು. ಲಿನಕ್ಸಿನ ಮನೆಯಲ್ಲಿ ಯಾವ ಕೋಣೆ ಯಾವುದಕ್ಕೆಂದು 1994ರಲ್ಲಿ ಮೊದಲು ಒಂದು ಕಟ್ಟಳೆ ಬರೆದರು. ಬೆಳೆಯುವ, ಕರಗುವ, ದಿನವೂ ಬದಲಾಗುವ ವಸ್ತುಗಳಿಗೆ ಈ ಕೋಣೆ. ಕಟ್ಟಳೆ ಸರಿಯಾದುದೇ. ಆದರೆ ನನ್ನ ಡಿಸ್ಕಿನಲ್ಲಿ ವ್ಯವಸ್ಥೆಗೆಂದು ಬೇರ್ಪಡಿಸಿದ ಭಾಗ ನಾಲ್ವತ್ತು ಗಿಗಾಬೈಟು ಮಾತ್ರ. ಎಣಿಸಿ ನೋಡಲಾಗಿ, ಅದರಲ್ಲಿ ಇಪ್ಪತ್ತೇಳನ್ನು ಉಗ್ರಾಣವೊಂದೇ ನುಂಗಿದ್ದಿತು.

ಆ ಇಪ್ಪತ್ತೇಳರಲ್ಲಿ ಒಂಬತ್ತು ಯಾವುದೆಂದು ತಿಳಿದಾಗ ನಗು ಬಂದಿತು. ಕಂಟೇನರು ಆಡಿದ ಪ್ರತಿಯೊಂದು ಮಾತನ್ನೂ ಡಾಕರ್ ಒಂದು ಕಡತದಲ್ಲಿ ಬರೆದಿಡುತ್ತದೆ. ಇಷ್ಟಾದ ಮೇಲೆ ಹಳೆಯದನ್ನು ಹರಿದುಹಾಕೆಂದು ನಾವು ಹೇಳದಿದ್ದರೆ ಅದು ಹರಿಯುವುದಿಲ್ಲ. ನಮ್ಮ ಡೇಟಾಬೇಸಿನ ಕಂಟೇನರು ಯಾವುದೋ ಕ್ಷುಲ್ಲಕ ಎಚ್ಚರಿಕೆಯನ್ನು ಸೆಕೆಂಡಿಗೆ ಒಂದೆರಡು ಸಾಲಿನಂತೆ ಒಂದೂವರೆ ವರ್ಷ ಹಗಲಿರುಳೂ ಗೊಣಗಿದ್ದಿತು. ಗೊಣಗಾಟವೇ ಒಂಬತ್ತು ಗಿಗಾಬೈಟು! ಅಮ್ಮನ ಹಾಡುಗಳೆಲ್ಲವೂ ಕೂಡಿದರೆ ಎರಡಾಗುವುದಿಲ್ಲ. ಅದನ್ನು ಬರಿದುಮಾಡಿ, ಇನ್ನು ಮುಂದೆ ಹತ್ತು ಮೆಗಾಬೈಟಿಗೆ ಮಿತಿಯೆಂದು ಕಟ್ಟುಮಾಡಿದೆನು. ಆದರೆ ಅಕ್ಕ ಹಳೆಯ ಹಾಡಿನ ಪುಸ್ತಕಗಳ ಪುಟಗಳನ್ನೂ ಚಿತ್ರ ತೆಗೆದು ಸೇರಿಸತೊಡಗಿದ್ದರು. ಅಳಿಯನು ದೂರವಾಣಿಯಲ್ಲಿ, “ಇದು ಮೂರು ತಿಂಗಳ ಮಾತು ಮಾವ. ಉಗ್ರಾಣವನ್ನೇ ದೊಡ್ಡ ಡಿಸ್ಕಿಗೆ ಸಾಗಿಸಿಬಿಡಿ. ಕಷ್ಟವೇನಿಲ್ಲ, ಅರ್ಧ ಗಂಟೆಯ ಕೆಲಸ,” ಎಂದನು. ಅರ್ಧ ಗಂಟೆಯ ಕೆಲಸವೆಂದು ಹೇಳುವವರ ಮಾತನ್ನು ನಂಬಬಾರದೆಂಬುದು ಒಂಬತ್ತು ಮನೆ ಬಿಟ್ಟವನಿಗೆ ತಿಳಿದಿರಬೇಕಾಗಿದ್ದಿತು.

ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಒಂದು ಟೆರಾಬೈಟಿನ ಡಿಸ್ಕು ನನ್ನಲ್ಲಿದ್ದಿತು. ಅದನ್ನು ಪೆಟ್ಟಿಗೆಯೊಳಗೆ ಜೋಡಿಸಿದೆನು. ಅದು ವಿಂಡೋಸಿನ ‘ಎನ್‌ಟಿಎಫ್‌ಎಸ್’ ಪದ್ಧತಿಯಲ್ಲಿ ಇದ್ದುದರಿಂದ ಅಳಿಸಿ, ಲಿನಕ್ಸಿನ ‘ಎಕ್ಸ್ಟ್4’ ಪದ್ಧತಿಗೆ ತಂದೆನು. ಡಾಕರಿನ ಕಡತಗಳಿಗೆ ಇರುವ ಒಡೆತನ, ಅನುಮತಿ ಮೊದಲಾದ ಗುರುತುಗಳು ಲಿನಕ್ಸಿನವಲ್ಲದ ಪದ್ಧತಿಗಳಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಹೊಸ ಡಿಸ್ಕು ತೆರೆದುಕೊಳ್ಳುವ ಸ್ಥಳಕ್ಕೆ ‘ಕಣಜ’ ಎಂದು ಹೆಸರಿಟ್ಟೆನು. ಲಿನಕ್ಸಿನಲ್ಲಿ ಡಿಸ್ಕಿಗೆ ಬೇರೆ ಅಕ್ಷರ, ಬೇರೆ ಅಂಗಳವಿಲ್ಲ. ಒಂದು ಖಾಲಿ ಡೈರೆಕ್ಟರಿಯನ್ನು ಮಾಡಿ, ಅದರ ಮೇಲೆ ಡಿಸ್ಕನ್ನು ‘ಮೌಂಟು’ ಮಾಡಿದರೆ, ಆ ಬಾಗಿಲಿನ ಮೂಲಕ ಡಿಸ್ಕಿನೊಳಕ್ಕೆ ಹೋಗಬಹುದು. ಮೌಂಟು ಕಳಚಿದರೆ ಬಾಗಿಲು ಹಾಗೆಯೇ ಇರುತ್ತದೆ; ಹಿಂದೆ ಮನೆ ಇರುವುದಿಲ್ಲ. ಈ ವಾಕ್ಯವನ್ನು ವಾಚಕರು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಇನ್ನು ಸಾಗಿಸುವುದು. ಡಾಕರ್ ನಡೆಯುತ್ತಿರುವಾಗ ಉಗ್ರಾಣವನ್ನು ನಕಲು ಮಾಡಬಾರದು. ಡೇಟಾಬೇಸು ಒಂದು ಕಡತದಲ್ಲಿ ಅರ್ಧ ಬರೆದು ಇನ್ನೊಂದಕ್ಕೆ ಕೈಹಾಕಿರುವಾಗ ನಕಲು ತೆಗೆದರೆ, ನಕಲಿನಲ್ಲಿ ಹಿಂದಿಲ್ಲ ಮುಂದಿಲ್ಲ. ಆದಕಾರಣ ‘ಸಿಸ್ಟಂಸಿಟಿಎಲ್ ಸ್ಟಾಪ್ ಡಾಕರ್’ ಎಂದು ಆಜ್ಞೆಯಿತ್ತೆನು. ನಿಂತಿತೋ ಇಲ್ಲವೋ ಎಂಬ ಸಂದೇಹದಿಂದ, ಈಗ ಯಾವ ಯಾವ ಕಂಟೇನರುಗಳು ನಡೆಯುತ್ತಿವೆಯೆಂದು ಡಾಕರನ್ನೇ ಕೇಳಿದೆನು. ಅದು ಎಲ್ಲವೂ ನಡೆಯುತ್ತಿವೆಯೆಂದು ತೋರಿಸಿತು! ಮತ್ತೆ ನಿಲ್ಲಿಸಿದೆನು; ಮತ್ತೆ ಕೇಳಿದೆನು; ಮತ್ತೆ ನಡೆಯುತ್ತಿದ್ದುವು. ಮೂರನೆಯ ಸಲ, ನಿಲ್ಲಿಸುವಾಗ ಅದು ಮುದ್ರಿಸುತ್ತಿದ್ದ ಎಚ್ಚರಿಕೆಯನ್ನು ಓದಿದೆನು. ಡಾಕರಿಗೆ ‘ಡಾಕರ್ ಸಾಕೆಟ್’ ಎಂಬ ಬಾಗಿಲ ಕಾವಲುಗಾರನೊಬ್ಬನುಂಟು. ಯಾರಾದರೂ ಬಂದು ಬಾಗಿಲು ಬಡಿದರೆ ಒಳಗೆ ಮಲಗಿದವನನ್ನು ಎಬ್ಬಿಸುವುದು ಅವನ ಕೆಲಸ. ನಾನು ಮಾಡುತ್ತಿದ್ದುದು, ಮಲಗಿದವನ ಭುಜ ಅಲುಗಿಸಿ, ‘ನಿದ್ರೆ ಬಂದಿತೇ?’ ಎಂದು ವಿಚಾರಿಸುವ ಉಪಚಾರವಾಗಿದ್ದಿತು. ಕಾವಲುಗಾರನನ್ನೂ ಸೇರಿಸಿ ನಿಲ್ಲಿಸಿದ ಮೇಲೆ ನಿಶ್ಶಬ್ದವಾಯಿತು.

ಉಗ್ರಾಣದ ಒಳಗನ್ನು ನಾನು ಅಂದೇ ಮೊದಲು ಕಂಡುದು. ಸಾಮಾನ್ಯ ಬಳಕೆದಾರನಿಗೆ ಒಳಗೆ ಇಣುಕಲು ಅಪ್ಪಣೆಯಿಲ್ಲ. ‘ರೂಟ್’ ಎಂಬ ಯಜಮಾನನ ಅಧಿಕಾರ ಧರಿಸಿಯೇ ಹೋಗಬೇಕು. ಒಳಗೆ ‘ಓವರ್ಲೇ2’ ಎಂಬ ಕೋಣೆಯಲ್ಲಿ ಅರುವತ್ತನಾಲ್ಕು ಅಕ್ಷರಗಳ ಉದ್ದುದ್ದ ಹೆಸರಿನ ನೂರಾರು ಡೈರೆಕ್ಟರಿಗಳು. ಇದರ ಮರ್ಮವನ್ನು ತಿಳಿಯಲು ನನಗೆ ಎರಡು ಸಂಜೆಗಳು ಹಿಡಿದುವು. ತಿಳಿದ ಮೇಲೆ ನಮ್ಮ ಹಳೆಯ ಪಂಡಿತರಿಗೆ ಇದನ್ನು ವಿವರಿಸುವುದು ಸುಲಭವೆನ್ನಿಸಿತು. ಮೂಲ ಗ್ರಂಥವೊಂದಿದೆ, ಅದನ್ನು ಮುಟ್ಟುವಂತಿಲ್ಲ. ಅದರ ಮೇಲೆ ಒಂದು ಪಾರದರ್ಶಕ ಹಾಳೆಯನ್ನಿಟ್ಟು ಟೀಕಾಕಾರನು ತನ್ನ ಮಾತನ್ನು ಬರೆಯುತ್ತಾನೆ. ಅದರ ಮೇಲೆ ಇನ್ನೊಬ್ಬನ ಹಾಳೆ. ಮೇಲಿನಿಂದ ನೋಡುವವನಿಗೆ ಎಲ್ಲವೂ ಸೇರಿ ಒಂದೇ ಪುಟ. ಕೆಳಗಿನ ಪದವೊಂದನ್ನು ತಿದ್ದಬೇಕಾದರೆ ಆ ಸಾಲನ್ನೇ ಮೇಲಿನ ಹಾಳೆಗೆ ನಕಲುಮಾಡಿಕೊಂಡು ಅಲ್ಲಿ ತಿದ್ದತಕ್ಕದ್ದು. ಅಳಿಸಬೇಕಾದರೆ ಮೇಲಿನ ಹಾಳೆಯಲ್ಲಿ ಆ ಸ್ಥಳಕ್ಕೆ ಬಿಳಿಯ ಬಣ್ಣ ಬಳಿಯತಕ್ಕದ್ದು. ಕೆಳಗೆ ಅದು ಇದ್ದೇ ಇರುತ್ತದೆ. ಮಿಕ್ಲೋಶ್ ಸೆರೆಡಿ ಎಂಬಾತನು ಬರೆದ ಈ ಪದ್ಧತಿ 2014ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. ಹತ್ತು ಕಂಟೇನರುಗಳಿಗೆ ಒಂದೇ ಮೂಲ ಸಾಕು. ಪ್ರತಿಯೊಂದಕ್ಕೂ ಬೇಕಾದುದು ತೆಳ್ಳನೆಯ ಮೇಲುಹಾಳೆಯೊಂದೇ. ಆ ಮೇಲುಹಾಳೆಯಾದರೋ ಕಂಟೇನರು ಸತ್ತರೆ ಜೊತೆಯಲ್ಲಿಯೇ ಹೋಗತಕ್ಕದ್ದು. ಉಳಿಯಬೇಕಾದುದನ್ನು ಇಡುವುದಕ್ಕೆ ‘ವಾಲ್ಯೂಮು’ ಎಂಬ ಬೇರೆ ಕೋಣೆಯಿದೆ. ಅಕ್ಕನ ಇನ್ನೂರಹದಿಮೂರು ಪುಟಗಳು ಇದ್ದುದು ಅಂಥದೊಂದು ವಾಲ್ಯೂಮಿನಲ್ಲಿ.

ಬಿಳಿಯ ಬಣ್ಣವೆಂದೆನಲ್ಲ, ಅದು ನಿಜವಾಗಿ ಏನೆಂದರೆ, ಸೊನ್ನೆ ಸೊನ್ನೆ ಎಂಬ ಸಂಖ್ಯೆಯುಳ್ಳ ಒಂದು ವಿಶೇಷ ಕಡತ. ಇಡೀ ಡೈರೆಕ್ಟರಿಯನ್ನೇ ಮರೆಮಾಡಬೇಕಾದಲ್ಲಿ ಅದಕ್ಕೆ ಬೆನ್ನಿನ ಮೇಲೆ ಕಾಣದ ಚೀಟಿಯೊಂದನ್ನು ಅಂಟಿಸಿರುತ್ತದೆ. ಆ ಚೀಟಿ ರೂಟಿಗೆ ಮಾತ್ರ ಕಾಣುತ್ತದೆ. ಸಾಧಾರಣವಾದ ನಕಲಿನಲ್ಲಿ ಈ ಚೀಟಿಗಳು ಉದುರಿಹೋಗುತ್ತವೆ. ಉದುರಿದರೆ ಹಿಂದೆ ಅಳಿಸಿದ ಕಡತಗಳು ಪ್ರೇತಗಳಂತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆದುದರಿಂದಲೇ ಅಳಿಯನು ‘ಆರ್‌ಸಿಂಕ್’ ಎಂಬ ಸಾಧನವನ್ನು ಹೇಳಿದನು. ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬಿಬ್ಬರು 1996ರಲ್ಲಿ ಇದನ್ನು ಹೊರತಂದರು. ಅದಕ್ಕೆ ‘ಎ’ ಎಂಬ ಒಂದು ಅಕ್ಷರವನ್ನು ಕೊಟ್ಟರೆ ಒಡೆತನ, ಅನುಮತಿ, ಕಾಲ, ವಿಶೇಷ ಕಡತ ಇವೆಲ್ಲ ಬರುತ್ತವೆ. ಎಲ್ಲವೂ ಬಂದಿತೆಂದು ಜನ ಭ್ರಮಿಸುವುದು ಇಲ್ಲಿಯೇ. ದೊಡ್ಡ ‘ಎಚ್’, ದೊಡ್ಡ ‘ಎ’, ದೊಡ್ಡ ‘ಎಕ್ಸ್’ ಎಂಬ ಮೂರನ್ನು ಬೇರೆಯಾಗಿ ಕೊಡದಿದ್ದರೆ ಒಂದೇ ಕಡತಕ್ಕಿರುವ ಎರಡು ಹೆಸರುಗಳ ಸಂಬಂಧವೂ, ಹೆಚ್ಚಿನ ಅನುಮತಿಗಳೂ, ಆ ಕಾಣದ ಚೀಟಿಗಳೂ ಬರುವುದಿಲ್ಲ. ಮೂಲದ ಹೆಸರಿನ ಕೊನೆಗೆ ಒಂದು ಓರೆಗೆರೆಯನ್ನೂ ಮರೆಯಬಾರದು. ಮರೆತರೆ ಉಗ್ರಾಣದೊಳಗೆ ಇನ್ನೊಂದು ಉಗ್ರಾಣ ಹುಟ್ಟುತ್ತದೆ. ಹದಿನೆಂಟು ಗಿಗಾಬೈಟು ಸಾಗಲು ಅರ್ಧ ಗಂಟೆ ಹಿಡಿಯಿತು. ಅಳಿಯನ ಮಾತು ಅಷ್ಟರಮಟ್ಟಿಗೆ ನಿಜ.

ತರುವಾಯ ‘ಡೇಮನ್ ಡಾಟ್ ಜೇಸನ್’ ಎಂಬ ಕಡತದಲ್ಲಿ ‘ಡೇಟಾ-ರೂಟ್’ ಎಂದು ಬರೆದು ಅದರ ಮುಂದೆ ಕಣಜದ ವಿಳಾಸವನ್ನು ಬರೆದೆನು. ಹಳೆಯ ಬರೆಹಗಳಲ್ಲಿ ಇದನ್ನು ‘ಗ್ರಾಫ್’ ಎಂದು ಕರೆದಿರುತ್ತಾರೆ. 2017ರಲ್ಲಿ ಆ ಹೆಸರನ್ನು ಬಿಡಿಸಿದರು. ಒಂದು ಅಲ್ಪವಿರಾಮ ತಪ್ಪಿದುದರಿಂದ ಡಾಕರ್ ಏಳಲು ಒಪ್ಪಲಿಲ್ಲ; ವಿರಾಮಚಿಹ್ನೆಗಳ ವಿಷಯದಲ್ಲಿ ಮೂವತ್ತೊಂದು ವರ್ಷ ವಿದ್ಯಾರ್ಥಿಗಳನ್ನು ಪೀಡಿಸಿದವನಿಗೆ ತಕ್ಕ ಶಾಸ್ತಿಯೆಂದುಕೊಂಡೆನು. ತಿದ್ದಿದ ಮೇಲೆ ಎದ್ದಿತು. ಉಗ್ರಾಣ ಎಲ್ಲಿದೆಯೆಂದು ಕೇಳಿದಾಗ ಕಣಜದ ಹೆಸರನ್ನೇ ಹೇಳಿತು. ಅಕ್ಕನ ಪುಟಗಳು ತೆರೆದುವು. (ಇದು ನನ್ನದರಂಥ ಹಳೆಯ ಸ್ಥಾಪನೆಯ ಮಾತು. 2025ರಲ್ಲಿ ಬಂದ 29ನೆಯ ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸುವವರಿಗೆ ಮೂಲ ಹಾಳೆಗಳು ‘ಕಂಟೇನರ್‌ಡಿ’ ಎಂಬ ಪಕ್ಕದ ಉಗ್ರಾಣದಲ್ಲಿರುತ್ತವೆ. ಡೇಟಾ-ರೂಟನ್ನು ಬದಲಾಯಿಸಿದರೆ ಅವು ಕದಲುವುದಿಲ್ಲ. ಅದರ ವಿಳಾಸವನ್ನೂ ಬೇರೆಯಾಗಿ ತಿದ್ದಬೇಕು.) ಹಳೆಯ ಉಗ್ರಾಣವನ್ನು ಕೂಡಲೆ ಅಳಿಸದೆ, ಹೆಸರು ಬದಲಾಯಿಸಿ ಹತ್ತು ದಿನ ಇಟ್ಟುಕೊಂಡೆನು. ಇಷ್ಟು ಎಚ್ಚರಿಕೆ ವಹಿಸಿದವನು ನಾನೇ ಎಂಬುದರಲ್ಲಿ ನನಗೇ ಹೆಮ್ಮೆಯಾಗಿದ್ದಿತು. ಹನ್ನೊಂದನೆಯ ದಿನ ಅದನ್ನು ಅಳಿಸಿದೆನು.

ಅದೇ ರಾತ್ರಿ ಮಳೆ. ವಿದ್ಯುತ್ತು ಹೋದುದು ಮೂರು ಗಂಟೆ ಬರಲಿಲ್ಲ. ಬ್ಯಾಟರಿಯ ಶಕ್ತಿ ಅರ್ಧ ಗಂಟೆಗೆ ಮುಗಿದು ಕಂಪ್ಯೂಟರು ಆರಿತು.

ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಬಂದರು. ನಾನು ಕಂಪ್ಯೂಟರನ್ನು ಹಚ್ಚಿ ಸ್ನಾನಕ್ಕೆ ಹೋಗಿದ್ದೆನು. ಹೊರಗೆ ಬಂದಾಗ ಅಕ್ಕ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. “ಪುಟ ಬರಲಿಲ್ಲ,” ಎಂದರು. ನೋಡಿದೆನು, ಸಂಪರ್ಕ ನಿರಾಕರಿಸಲಾಗಿದೆಯೆಂದು ಬರೆದಿದ್ದಿತು. ಕಂಟೇನರುಗಳನ್ನು ಕೇಳಿದೆನು. ನಡೆಯುತ್ತಿರುವವು ಮಾತ್ರವಲ್ಲ, ನಿಂತಿರುವವನ್ನೂ ತೋರಿಸೆಂದು ಕೇಳಿದೆನು. ಗುರುತು, ಮೂಲ, ಆಜ್ಞೆ, ಹುಟ್ಟಿದ ಕಾಲ ಎಂದು ತಲೆಬರೆಹದ ಒಂದು ಸಾಲು ಬಂದಿತು. ಅದರ ಕೆಳಗೆ ಏನೂ ಇಲ್ಲ. ಬರೆಯದ ಲೆಕ್ಕದ ಪುಸ್ತಕದಂತೆ. ವಾಲ್ಯೂಮುಗಳನ್ನು ಕೇಳಿದೆನು. ಅಲ್ಲಿಯೂ ತಲೆಬರೆಹವೊಂದೇ. ಉಗ್ರಾಣ ಎಲ್ಲಿದೆಯೆಂದರೆ ಕಣಜದಲ್ಲಿಯೇ ಇದೆಯೆಂದು ಹೇಳುತ್ತದೆ! ಕಣಜದೊಳಗೆ ಹೋಗಿ ನೋಡಿದರೆ ಎಲ್ಲ ಕೋಣೆಗಳೂ ಇವೆ: ಓವರ್ಲೇ2 ಇದೆ, ವಾಲ್ಯೂಮುಗಳ ಕೋಣೆ ಇದೆ, ಗುಡಿಸಿ ಸಾರಿಸಿಟ್ಟಂತೆ ಬರಿದು.

ಆ ಹೊತ್ತಿನಲ್ಲಿ ನನಗೆ ಆದುದನ್ನು ಬರೆಯಲು ಪ್ರಯತ್ನಿಸುವುದಿಲ್ಲ. ಹಿಂದಿನ ದಿನವಷ್ಟೆ ಹಳೆಯದನ್ನು ಅಳಿಸಿದ್ದೆನು. ಧ್ವನಿಗಳಿಗೆ ಮೂರು ಪ್ರತಿ ಮಾಡಿದವನು ಟಿಪ್ಪಣಿಗಳಿಗೆ ಒಂದು ಪ್ರತಿಯನ್ನೂ ಮಾಡಿರಲಿಲ್ಲ. ಅವು ಇನ್ನೂ ಬೆಳೆಯುತ್ತಿವೆ, ಮುಗಿದ ಮೇಲೆ ಮಾಡಿದರಾಯಿತೆಂದು. ಅಕ್ಕ ನನ್ನ ಮುಖವನ್ನು ನೋಡಿ, “ಹೋಯಿತೇನೋ?” ಎಂದು ಕೇಳಿದರು. ನಾನು ಉತ್ತರ ಹೇಳಲಿಲ್ಲ. “ಹೋಗಲಿ ಬಿಡು. ಮತ್ತೆ ಬರೆದರಾಯಿತು,” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ, “ಎಷ್ಟು ನೆನಪಾಗುತ್ತೋ ಅಷ್ಟು,” ಎಂದರು. ಮರೆವಿನ ವಿಷಯವನ್ನು ಅವರು ನನ್ನೆದುರಿಗೆ ಆಡಿದುದು ಅದೇ ಮೊದಲು.

ಗಾಬರಿಯಲ್ಲಿ ನಾನು ಎಲ್ಲ ಕಂಟೇನರುಗಳನ್ನೂ ಹೊಸದಾಗಿ ಎಬ್ಬಿಸುವ ಆಜ್ಞೆಯನ್ನು ಕೊಡಲಿದ್ದೆನು. ಅಷ್ಟರಲ್ಲಿ ಅಳಿಯನ ಕರೆ ಬಂದಿತು. ಅಕ್ಕ ಅಡುಗೆಮನೆಗೆ ಹೋಗಿ ಅವನಿಗೆ ತಿಳಿಸಿದ್ದರು. “ಮಾವ, ಏನನ್ನೂ ಮುಟ್ಟಬೇಡಿ. ಮೊದಲು ಹೇಳಿ, ದೊಡ್ಡ ಡಿಸ್ಕು ಮೌಂಟ್ ಆಗಿದೆಯೇ?”

ಆಗಿರಲಿಲ್ಲ. ಡಿಸ್ಕು ಇದ್ದಿತು, ಪಟ್ಟಿಯಲ್ಲಿ ಅದರ ಹೆಸರೂ ಅಳತೆಯೂ ಇದ್ದುವು, ಮೌಂಟಿನ ಸ್ಥಳದ ಕೆಳಗೆ ಮಾತ್ರ ಖಾಲಿ. ಹನ್ನೊಂದು ದಿನಗಳ ಹಿಂದೆ ನಾನು ಅದನ್ನು ಕೈಯಾರೆ ಮೌಂಟು ಮಾಡಿದ್ದೆನು. ಕಂಪ್ಯೂಟರು ಹೊತ್ತುವಾಗಲೆಲ್ಲ ತಾನೇ ಮೌಂಟು ಮಾಡಬೇಕಾದರೆ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ಆ ಒಂದು ಸಾಲನ್ನು ಬರೆದಿರಲಿಲ್ಲ. ಅಂದಿನವರೆಗೆ ಕಂಪ್ಯೂಟರು ಆರಿಯೇ ಇರಲಿಲ್ಲವಾದುದರಿಂದ ತಪ್ಪು ತೋರಿರಲಿಲ್ಲ. ಮಳೆಯ ರಾತ್ರಿ ಆರಿ ಬೆಳಿಗ್ಗೆ ಎದ್ದಾಗ ಡಾಕರ್ ಕಣಜದ ಬಾಗಿಲಿಗೆ ಬಂದಿತು, ಹಿಂದೆ ಮನೆಯಿಲ್ಲ, ಬಾಗಿಲ ಮುಂದಿನ ಬಯಲಿನಲ್ಲಿಯೇ ಹೊಸ ಉಗ್ರಾಣವೊಂದನ್ನು ಕಟ್ಟಿಕೊಂಡು, ಎಲ್ಲವೂ ಸರಿಯಾಗಿದೆಯೆಂದು ಕುಳಿತಿತು. ದೂರು ಹೇಳಲಿಲ್ಲ. ಅದರ ಈ ಸೌಜನ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಇಟ್ಟ ಸ್ಥಳದಲ್ಲಿ ಹಿಂದಿನ ಸಾಮಾನಿಲ್ಲವೆಂದು ಒಂದು ಮಾತು ಕೂಗಬಾರದಾಗಿತ್ತೆ?

ಡಾಕರನ್ನೂ ಅದರ ಕಾವಲುಗಾರನನ್ನೂ ನಿಲ್ಲಿಸಿದೆನು. ಬಯಲಿನಲ್ಲಿ ಕಟ್ಟಿದ ಬರಿಯ ಉಗ್ರಾಣವನ್ನು, ಅದರಲ್ಲಿ ಏನೂ ಇಲ್ಲವೆಂದು ಎರಡು ಸಲ ನೋಡಿ, ತೆಗೆದುಹಾಕಿದೆನು. ಹಾಗೆಯೇ ಬಿಟ್ಟು ಮೇಲೆ ಡಿಸ್ಕನ್ನು ಮೌಂಟು ಮಾಡಿದ್ದರೆ ಅದು ಕಣ್ಣಿಗೆ ಕಾಣದೆ ಅಡಿಯಲ್ಲಿ ಕುಳಿತು ಸ್ಥಳವನ್ನು ತಿನ್ನುತ್ತಿದ್ದಿತು. ಡಿಸ್ಕನ್ನು ಮೌಂಟು ಮಾಡಿದೆನು. ಡಾಕರನ್ನು ಎಬ್ಬಿಸಿದೆನು. ಈ ಸಲ ತಲೆಬರೆಹದ ಕೆಳಗೆ ಎರಡು ಸಾಲುಗಳು ಬಂದುವು. ಅಕ್ಕನ ಇನ್ನೂರಹದಿಮೂರು ಪುಟಗಳೂ ಇದ್ದುವು.

ಅಂದು ಮಧ್ಯಾಹ್ನ ಊಟಕ್ಕೆ ಮೊದಲೇ ಎಫ್‌ಎಸ್‌ಟ್ಯಾಬಿನ ಸಾಲನ್ನು ಬರೆದೆನು. ಡಿಸ್ಕಿನ ಹೆಸರಿನಿಂದಲ್ಲ, ಆ ಹೆಸರುಗಳು ಇನ್ನೊಂದು ಡಿಸ್ಕನ್ನು ಸೇರಿಸಿದರೆ ಅದಲುಬದಲಾಗಬಹುದು. ಡಿಸ್ಕಿನ ಮೇಲೆಯೇ ಕೆತ್ತಿದಂತಿರುವ ‘ಯುಯುಐಡಿ’ ಎಂಬ ಉದ್ದ ಸಂಖ್ಯೆಯಿಂದ ಬರೆದೆನು. ಅಳಿಯನು ಇನ್ನೊಂದು ಸಾಲನ್ನೂ ಬರೆಸಿದನು: ಕಣಜ ಮೌಂಟು ಆಗದ ಹೊರತು ಡಾಕರ್ ಏಳಲೇಬಾರದೆಂದು. ಪರೀಕ್ಷೆಗಾಗಿ ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದೆನು. ಈಗ ಪ್ರತಿ ಭಾನುವಾರ ರಾತ್ರಿ ಡೇಟಾಬೇಸಿನಲ್ಲಿರುವುದೆಲ್ಲವೂ ಸಾದಾ ಅಕ್ಷರಗಳ ಒಂದು ಕಡತವಾಗಿ ಹೊರಬಿದ್ದು, ಎರಡು ಬೇರೆ ಡಿಸ್ಕುಗಳಿಗೆ ಹೋಗುತ್ತದೆ. ಒಂದು ಅಕ್ಕನ ಮನೆಯ ಬೀರುವಿನಲ್ಲಿದೆ. ಉಗ್ರಾಣವನ್ನು ಸಾಗಿಸುವುದಕ್ಕೆ ಮೊದಲು ಮಾಡಬೇಕಾಗಿದ್ದ ಕೆಲಸವಿದು. ಮೊದಲು ಮಾಡಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಪುಟಗಳು ಮರಳಿ ಬಂದ ಆ ಬೆಳಿಗ್ಗೆ ಅಕ್ಕ ಹೊಸದೇನನ್ನೂ ಬರೆಯಲಿಲ್ಲ. ಮೊದಲ ಪುಟದಿಂದ ಓದುತ್ತ ಹೋದರು. ನಾನು ಕಾಫಿ ತಂದಿಟ್ಟುದನ್ನು ನೋಡಲಿಲ್ಲ. ನಲ್ವತ್ತನೆಯದೋ ಐವತ್ತನೆಯದೋ ಪುಟದಲ್ಲಿ ನಿಂತರು. ತೊಟ್ಟಿಲ ಹಾಡೊಂದರ ಕೆಳಗೆ, ಅದನ್ನು ಅಮ್ಮನಿಗೆ ಕಲಿಸಿದ ಮುದುಕಿಯ ವಿಷಯ ಬರೆದಿದ್ದಿತು: ಬತ್ತ ಕುಟ್ಟಲು ಬರುತ್ತಿದ್ದವಳು, ಎಡಗೈಯಲ್ಲಿ ಆರು ಬೆರಳು, ಕೊನೆಯ ನುಡಿಗೆ ಬಂದಾಗ ಒನಕೆಯನ್ನು ನಿಲ್ಲಿಸಿ ಹಾಡುತ್ತಿದ್ದಳೆಂದು.

“ಇದು ನನಗೆ ಗೊತ್ತೇ ಇರಲಿಲ್ಲ,” ಎಂದರು ಅಕ್ಕ. “ಯಾರೋ ಬರೆದದ್ದು?”

“ನೀವೇ ಅಕ್ಕ. ಆಷಾಢದಲ್ಲಿ.”

ಅವರು ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ನಾಲ್ಕು ಸಾಲುಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ ‘ಬತ್ತ’ವನ್ನು ‘ಭತ್ತ’ವೆಂದು ತಿದ್ದಿ, ಮುಂದಿನ ಪುಟಕ್ಕೆ ಹೋದರು.